ಐದು ಮೀಟರ್

ನಾಲ್ಕೂಮುಕ್ಕಾಲಿಗೆ ಅಲಾರಂ ಬೇಡ ನನಗೆ,
ಮರಿಸೆಲ್ ರಾತ್ರಿಪಾಳಿ ಮುಗಿಸಿ ಬಂದು
ಶೂ ಕಳಚುವ ಸದ್ದೇ ಸಾಕು.
ಆರು ಮಂಚದ ಕೋಣೆ. ನನ್ನದು ಕೆಳಗಿನದು, ಪರದೆ ಇದೆ.
ಪರದೆಯೊಳಗೆ ಫೋನಿನ ಬೆಳಕು ತಗ್ಗಿಸಿ ಓದುತ್ತೇನೆ:
ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಅಪ್ಪಣೆ ಕೊಡುತ್ತದೆ,
ನೀಲಿ ಚೌಕ ಸುಮ್ಮನೆ ಸುದ್ದಿ ಹೇಳುತ್ತದೆ.
ಗಂಗೊಳ್ಳಿಯ ನಮ್ಮ ಮನೆಯಲ್ಲೂ ಹೀಗೇ,
ಅಜ್ಜಿ ತ್ರಿಕೋನ, ಅಪ್ಪ ವೃತ್ತ,
ಸುದ್ದಿಗೆ ಮೀನುಬುಟ್ಟಿಯ ಅಕ್ಕೂಬಾಯಿ.

ಆರು ವರ್ಷದಿಂದ ಶಾರ್ಜಾದಲ್ಲಿ ಶಾಲೆ ಬಸ್ಸಿನ ಆಯಾ.
ಮೂವತ್ತೆರಡು ಸೀಟು, ಮೂವತ್ತೆರಡು ಬೆಲ್ಟು,
ಅಲ್ ನಹ್ದಾದಿಂದ ಮುವೈಲೆ ತಲುಪುವಷ್ಟರಲ್ಲಿ
ಎರಡಾದರೂ ವಾಂತಿಚೀಲ.
ಬಸ್ಸು ನಿಂತ ಮೇಲೆ ಮಧ್ಯಾಹ್ನದವರೆಗೆ ಕಾರಿಡಾರ್ ಒರೆಸುವುದು.
ಒದ್ದೆ ನೆಲಕ್ಕೆ ನಾನೇ ಇಟ್ಟ ಹಳದಿ ಫಲಕ ನೋಡಿ
'ಮುಂದೆ ಜಾರುವ ರಸ್ತೆ' ಎಂದು ತುಟಿಯೊಳಗೇ ಹೇಳಿಕೊಳ್ಳುತ್ತೇನೆ.
ಲೈಸೆನ್ಸ್ ಮಾಡಿಸಿಕೋ, ಪುಟ್ಟ ಮಕ್ಕಳ ವ್ಯಾನು ನಿನಗೇ
ಎಂದಿದ್ದಾರೆ ಆಫೀಸಿನವರು. ಸಂಬಳ ಏಳುನೂರು ಹೆಚ್ಚು.

ಭಾಷೆಗಳ ಪಟ್ಟಿಯಲ್ಲಿ ಕೆಳಗಿನವರೆಗೂ ಬೆರಳು ಎಳೆದೆ.
ಕನ್ನಡ ಇರಲಿಲ್ಲ.
ಸಿನಿಮಾದ ಹಿಂದಿ ಉಂಟಲ್ಲ ಎಂದು ಅದನ್ನೇ ಒತ್ತಿದೆ.
ಸಿನಿಮಾದಲ್ಲಿ ಯಾರೂ ರಸ್ತೆಯ ಅಂಚಿನ ಗೆರೆಗಳ ಬಗ್ಗೆ
ಮಾತಾಡುವುದಿಲ್ಲವೆಂದು
ಹೆಡ್‌ಫೋನ್ ಹಾಕಿಕೊಂಡ ಮೇಲೆ ಹೊಳೆಯಿತು.

ಪಾಠ ಹೇಳುವವನು ನಮ್ಮ ಡ್ರೈವರ್ ಗುಲ್ ಜಮಾನ್.
ಡ್ಯಾಶ್‌ಬೋರ್ಡಿನ ಮೇಲೆ ಖರ್ಜೂರ ಜೋಡಿಸಿ,
"ಬಾಜಿ, ಇದು ದವ್ವಾರ್. ಇದು ನೀನು. ಇದು ಲಾರಿ.
ಯಾರು ಮೊದಲು?"
"ಲಾರಿ."
"ಯಾಕೆ?"
"ದೊಡ್ಡದು."
ಅವನು ಲಾರಿಯನ್ನೆತ್ತಿ ಬಾಯಿಗೆ ಹಾಕಿಕೊಂಡ.
"ಆಗಲೇ ಒಳಗಿರುವವನು ಮೊದಲು. ಹೊರಗಿನವನು ಕಾಯಬೇಕು."
ಅದು ನನಗೆ ಗೊತ್ತಿಲ್ಲದ್ದೇ?
ಪುಸ್ತಕದಲ್ಲೇ ಬರೆದಿಟ್ಟಿದ್ದಾರೆಂದು ಮಾತ್ರ ಗೊತ್ತಿರಲಿಲ್ಲ.

ಮೂರನೇ ಸಾಲಿನ ಹಬೀಬಾ, ಅಲೆಕ್ಸಾಂಡ್ರಿಯಾದವಳು,
ಕಿಟಕಿಯಲ್ಲಿ ಫಲಕ ಕಂಡಾಗೆಲ್ಲ ಬೆರಳು ತೋರಿಸುತ್ತಾಳೆ.
ತಪ್ಪು ಹೇಳಿದರೆ ಇಡೀ ಬಸ್ಸು ಗೊಳ್ಳೆನ್ನುತ್ತದೆ.
ಒಂಟೆ ಮಾತ್ರ ಒಮ್ಮೆಯೂ ತಪ್ಪಿಲ್ಲ.

ಪರೀಕ್ಷೆಯಲ್ಲಿ ಹದಿನೇಳನೆಯದು:
ಶಾಲೆ ಬಸ್ಸು ನಿಂತಿದೆ, 'ನಿಲ್ಲಿ' ಫಲಕ ಚಾಚಿದೆ.
ಹಿಂದಿನ ವಾಹನ ಎಷ್ಟು ದೂರದಲ್ಲಿ ನಿಲ್ಲಬೇಕು?

ಆ ಫಲಕ ಚಾಚಿದೊಡನೆ ಮೊದಲು ಇಳಿಯುವವಳು ನಾನು.
ಹೋದ ಮಾರ್ಚಿನಲ್ಲಿ ನನ್ನ ಶಾಲು ಸವರಿ ಹೋದ ಬಿಳಿ ಲೆಕ್ಸಸ್,
ಕಣ್ಣಲ್ಲೇ ಕ್ಷಮೆ ಕೇಳಿ ನುಸುಳಿದ ಪಿಜ್ಜಾ ಬೈಕಿನ ಹುಡುಗ,
ಚಪ್ಪಟೆಯಾದ ಹಬೀಬಾಳ ನೀರಿನ ಬಾಟಲಿ,
ಎಲ್ಲ ಬಂದು ಕಂಪ್ಯೂಟರಿನ ಮುಂದೆ ಸಾಲಾಗಿ ನಿಂತವು.
ಐದು ಮೀಟರ್ ಎಂಬ ಉತ್ತರ ಇತ್ತು. ಹತ್ತು ಇತ್ತು. ಇಪ್ಪತ್ತೂ ಇತ್ತು.
ಇಪ್ಪತ್ತು ಒತ್ತಿದೆ.
ಗೊತ್ತಿದ್ದೇ ಒತ್ತಿದೆ.

ಒಂದು ಅಂಕದಲ್ಲಿ ಹೋಯಿತು.
ಯಾವುದು ತಪ್ಪೆಂದು ಯಂತ್ರ ಹೇಳುವುದಿಲ್ಲ.
ಮತ್ತೆ ದುಡ್ಡು, ಮತ್ತೆ ವಾರ, ಮತ್ತೆ ಪರದೆಯೊಳಗಿನ ಬೆಳಕು.
"ಇಪ್ಪತ್ತಾ?" ಗುಲ್ ಜಮಾನ್ ಸ್ಟೀರಿಂಗಿಗೆ ಹಣೆ ಒತ್ತಿ ನಕ್ಕ.
ಆಮೇಲೆ ನನ್ನ ಶಾಲಿನ ಕಡೆ ನೋಡಿ ನಗು ನಿಲ್ಲಿಸಿದ.

ಇವತ್ತು ಕೊನೆಯ ಸ್ಟಾಪಿನಲ್ಲಿ ಇಳಿದಾಗ
ಹಿಂದೆ ಮರಳಿನ ಟಿಪ್ಪರ್. ಬ್ರೇಕು ಉಸ್ಸೆಂದಿತು.
ಹಬೀಬಾಳ ಚೀಲ ಹೆಗಲಿಗೇರಿಸಿಕೊಂಡು
ಬಸ್ಸಿನ ಬಂಪರಿನಿಂದ ಟಿಪ್ಪರಿನ ಮೂತಿಯವರೆಗೆ
ಹೆಜ್ಜೆ ಎಣಿಸಿದೆ. ಏಳು.
ನನ್ನ ಹೆಜ್ಜೆ ಸಣ್ಣದು, ಐದು ಮೀಟರ್ ಆದೀತು.
ಮೇಲಿನಿಂದ ಅವನು ಕೈಯಾಡಿಸಿ ಏನೋ ಬಯ್ದ.
ಅಂಗೈ ತೋರಿಸಿ ಮತ್ತೊಮ್ಮೆ ಎಣಿಸಿದೆ, ವಾಪಸು.
ಏನು ಮಾಡ್ತಿದ್ದೀ ಆಂಟಿ, ಹಬೀಬಾ ಇಂಗ್ಲಿಷಿನಲ್ಲಿ ಕೇಳಿದಳು.
ಓದ್ತಾ ಇದ್ದೇನೆ ಮಗಾ, ಎಂದೆ
ಕನ್ನಡದಲ್ಲಿ.